ಕ್ಯಾಪ್ಟನ್ ಮುದುಕವ್ವನ ಹಡಗು

ಸರ್ರ್... ಸರ್ರ್... ಸರ್ರ್...

ಭಾಗ್ಯನಗರದ ಆ ಓಣಿಗೆ ಬೆಳಗಾಗುವುದೇ ಈ ಸದ್ದಿನಿಂದ. ಕೂದಲಿನ ಕಾರ್ಖಾನೆಯ ಹೆಂಗಸರು ಮೊಳೆ ಬಡಿದ ಹಲಗೆಗಳ ಮುಂದೆ ಸಾಲಾಗಿ ಕೂತು, ಊರೂರಿನಿಂದ ಮೂಟೆಯಲ್ಲಿ ಬಂದ ಕೂದಲನ್ನು ಹಿಡಿಹಿಡಿಯಾಗಿ ಆ ಮೊಳೆಗಳ ನಡುವೆ ಎಳೆಯುತ್ತಾರೆ. ಸಿಕ್ಕು ಬಿಡುತ್ತದೆ, ಸದ್ದು ಹುಟ್ಟುತ್ತದೆ. ದಾರಿಹೋಕರಿಗೆ ಅದು ಕೂದಲಿನ ಸದ್ದು. ಶೈಲಜಾಳಿಗೆ ಮಾತ್ರ ಅದು ಆಕಾಶದ ಯಾವುದೋ ಮೂಲೆಯಲ್ಲಿ ಹಡಗೊಂದು ಚಾಲೂ ಆಗುವ ಸದ್ದು.

ಒಂದು ಮಧ್ಯಾಹ್ನ ಅವಳು, ಮದುವೆಗಳಲ್ಲಿ ಮಂತ್ರ ಹೇಳುವವರ ಶಲ್ಯಕ್ಕೆ ಸಿಗಿಸುವ ಪುಟ್ಟ ಮೈಕನ್ನು ತಂದು ಹಲಗೆಯ ಮಗ್ಗುಲಲ್ಲಿ ಇಟ್ಟಿದ್ದಳು. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಆ ಸದ್ದನ್ನು ಹಿಗ್ಗಿಸಿ, ನಿಧಾನ ಮಾಡಿ, ಅದರ ಅಡಿಗೆ ಕುಕ್ಕರಿನ ಉಸಿರನ್ನು ಹಾಸಿದಾಗ ಕಪಾಟಿನ ಗಾಜು ಗುಂಯ್‌ಗುಟ್ಟಿತು. ಈಗ ಎಷ್ಟೋ ಜನ ಮೊಬೈಲಿನಲ್ಲಿ ಅದನ್ನು ಕೇಳಿದ್ದಾರೆ. ಇದು ಯಾವ ಮಷೀನು ಎಂದು ಕೇಳಿದವರಿಗೆ ಶೈಲಜಾ ಉತ್ತರ ಕೊಟ್ಟಿಲ್ಲ. ಉತ್ತರ ಗೊತ್ತಿದ್ದ ಮುದುಕವ್ವ ಹಲಗೆಯ ಮುಂದೆ ಕೂತು ಜೊತೆಯವರನ್ನು ಗದರುತ್ತಿದ್ದಳು: “ಒಂದ ಸವನ ಎಳೀರೇ, ಹಡಗ ಮುಗ್ಗರಿಸ್ತೈತಿ!”

ಶೈಲಜಾ ಫೋಟೋ ಸ್ಟುಡಿಯೋದ ಕೊಟ್ರಪ್ಪನ ಮಗಳು. ಕೊಪ್ಪಳದ ಸುತ್ತಿನ ಅರ್ಧ ಜನರ ಮುಖ ಕೊಟ್ರಪ್ಪನ ಕಣ್ಣೆದುರು ಹಾದುಹೋಗಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೆಂದು ಬಂದವರನ್ನೂ ವರನ ಕಡೆಗೆ ಕಳಿಸುವ ಫೋಟೋಕ್ಕೆಂದು ಬಂದವರನ್ನೂ ಅವನು ಒಂದೇ ಸ್ಟೂಲಿನ ಮೇಲೆ ಕೂರಿಸಿ, ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಜೀವಮಾನವಿಡೀ ಒಂದೇ ಮಾತು ಹೇಳಿದ: “ನಗಬ್ಯಾಡ್ರಿ.” ಅವನ ಪಾಲಿಗೆ ಕ್ಯಾಮೆರಾದ ಮುಂದೆ ಕೂರುವುದು ಸಾಕ್ಷಿ ಹೇಳಿದ ಹಾಗೆ. ಹಲ್ಲು ಬಿಟ್ಟುಕೊಂಡು ಯಾರಾದರೂ ಸಾಕ್ಷಿ ಹೇಳುತ್ತಾರೆಯೇ?

ಅಂಥವನ ಮಗಳಿಗೆ ನಗಿಸುವ ಹುಚ್ಚು ಹತ್ತಿದ್ದು ಮದುವೆಯ ವಿಡಿಯೋಗಳಿಂದ. ಓದು ಮುಗಿಸಿ ಅವಳು ಅಪ್ಪನ ಅಂಗಡಿಯ ವಿಡಿಯೋ ಕೆಲಸವನ್ನು ಕೈಗೆತ್ತಿಕೊಂಡಾಗ ಕಂಪ್ಯೂಟರು ಹಳೆಯದು. ಒಂದು ಮದುವೆಯ ಚಿತ್ರದ ತುಣುಕುಗಳನ್ನು ಹೊಲಿದು ಮುಗಿಸಲು ಅದಕ್ಕೆ ಇಡೀ ಹಗಲು ಬೇಕು. ಅದು ಹೊಲಿಯುತ್ತ ಇರುವಾಗ ಶೈಲಜಾ ಮೊಬೈಲು ಹಿಡಿದು ಕೂರುತ್ತಿದ್ದಳು. ಎಲ್ಲೋ ದೂರದ ಒಬ್ಬಾತ ರಟ್ಟಿನ ಕವಚ ತೊಟ್ಟು ಹಿತ್ತಲಿನಲ್ಲಿ ಟ್ಯೂಬ್‌ಲೈಟಿನ ಕತ್ತಿ ಬೀಸುತ್ತಿದ್ದ. ಇಬ್ಬರು ಗೆಳೆಯರು, ಇಲ್ಲದ ಎರಡು ಪ್ರಾಣಿಗಳು ಕಾದಾಡಿದರೆ ಯಾವುದು ಗೆದ್ದೀತು ಎಂದು ಮುಖ ಕೆಂಪಗೆ ಮಾಡಿಕೊಂಡು ವಾದಿಸುತ್ತಿದ್ದರು. ಮೊದಲು ಅವಳು ನಕ್ಕಳು. ಆಮೇಲೆ ನಗು ನಿಂತು, ಕಣ್ಣು ಮಾತ್ರ ಪರದೆಯಲ್ಲಿ ಉಳಿಯಿತು. ರಟ್ಟಿನ ಕವಚಕ್ಕೆ ಅವನು ಎಷ್ಟು ಜೋಕೆಯಿಂದ ಬಣ್ಣ ಬಳಿದಿದ್ದ! ಆಟ ಆಡುತ್ತಿದ್ದವರು ಅದನ್ನು ಬರೀ ಆಟ ಅಂದುಕೊಂಡಿರಲಿಲ್ಲ. ಅದು ಅವಳ ಎದೆಗೆ ತಾಕಿತು.

ಅಪ್ಪನ ಹಳೆಯ ಕ್ಯಾಮೆರಾಗಳ ಕಪಾಟಿನಲ್ಲಿ ಮುಖವಾಡದ ಪುಟ್ಟ ಗೊಂಬೆಗಳು ಬಂದು ನಿಂತವು. ಒಂದು ನೀಲಿ ರೋಬೋ, ಒಬ್ಬ ರೆಕ್ಕೆಯ ಸಿಪಾಯಿ, ಮೂರು ಕಣ್ಣಿನ ಒಂದು ಹಸಿರು ಜೀವಿ.

“ಇವು ಯಾವ ದೇವರವಾ?” ಕೊಟ್ರಪ್ಪ ಕೇಳಿದ.

“ದೇವರಲ್ಲಪ್ಪಾ. ಮನಷಾರು ತ್ರಾಸಿನ್ಯಾಗ ಇದ್ದಾಗ ಮ್ಯಾಲಿಂದ ಇಳದು ಬಂದು ಕಾಯ್ತಾವ.”

“ಮತ್ತ ಅದಕ್ಕ ಏನಂತಾರ?” ಎಂದ ಅವನು, ಶುಕ್ರವಾರದ ಊದಿನಕಡ್ಡಿಯನ್ನು ಅವುಗಳ ಮುಂದೆಯೂ ಒಂದು ಸುತ್ತು ಆಡಿಸಿದ.

ಮುದುಕವ್ವ ಸಿಕ್ಕಿದ್ದು ಆ ಸ್ಟೂಲಿನ ಮೇಲೆಯೇ. ವಿಧವಾ ಪಿಂಚಣಿಗೆ ಫೋಟೋ ಬೇಕೆಂದು ಬಂದಿದ್ದಳು. ಕೊಟ್ರಪ್ಪ ಎಂದಿನಂತೆ ಗದ್ದ ಎತ್ತಿ, “ನಗಬ್ಯಾಡ್ರಿ” ಅಂದ.

“ನಗಲಾರದ ನಾ ಹೆಂಗಿರ್ತೇನಿ ಅಂತ ನನಗ ಗೊತ್ತಿಲ್ಲಪಾ,” ಅಂದಳು ಮುದುಕವ್ವ. “ಆಫೀಸಿನ್ಯಾಗ ಫೋಟೋ ನೋಡಿ, ಇಕಿ ಬ್ಯಾರೆ ಯಾರೋ ಅಂತ ಪಿಂಚಣಿ ನಿಲ್ಲಿಸ್ಯಾರು.”

ಪರದೆಯ ಹಿಂದೆ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದ ಶೈಲಜಾ ತಲೆ ಹೊರಗೆ ಹಾಕಿದಳು. ಕೆನ್ನೆಯ ತುಂಬ ಗೆರೆ, ಮೂಗಿನಲ್ಲಿ ದೊಡ್ಡ ನತ್ತು, ಇಡೀ ಜಗತ್ತು ಎದುರು ನಿಂತರೂ ಕದಲದ ಎರಡು ಕಣ್ಣು. ತಾನು ಮಾಡಬೇಕೆಂದಿದ್ದ ಸಿನಿಮಾದ ಆಕಾಶಹಡಗಿನ ಚುಕ್ಕಾಣಿ ಹಿಡಿಯಬೇಕಾದವಳು ಇವಳೇ ಎಂದು ಆ ಗಳಿಗೆಯಲ್ಲಿ ಅವಳಿಗೆ ಖಾತ್ರಿಯಾಯಿತು.

“ದೊಡ್ಡವ್ವಾ, ಚಂದ್ರನ ಆಚಿಗಿ ಹೋಗಿ ಬರ್ತೀಯೇನು?”

“ಸೋಮವಾರ ಆದ್ರ ಬರ್ತೇನಿ. ನಮ್ಮ ಕಾರ್ಖಾನಿ ಸೂಟಿ.”

ಹೀಗೆ ಸೋಮವಾರಗಳು ಚಿತ್ರೀಕರಣದ ದಿನಗಳಾದವು. ಮದುವೆಗಳಿಗೆ ದೀಪದ ಸರ ಕಟ್ಟುವ ರೆಹಮಾನ ತನ್ನ ಸಾಮಾನಿನ ಆಟೋ ತಂದ. ಗುಜರಿಯಲ್ಲಿ ಸಿಕ್ಕ ಎರಡು ಏರ್‌ಕೂಲರಿನ ತಗಡಿನ ಮೈಯನ್ನು ಜೋಡಿಸಿ, ಬೆಳ್ಳಿಬಣ್ಣ ಬಳಿದು ಅವನೇ ಹಡಗನ್ನು ಕಟ್ಟಿದ. ಅದನ್ನು ಇಡಲು ಆನೆಗೊಂದಿಯ ವೆಂಕೋಬ ತನ್ನ ಎತ್ತಿನ ಗಾಡಿ ಕೊಟ್ಟ. ಬಾಳೆತೋಟದ ಆಚೆ, ಬಂಡೆಗಳ ಮೇಲೆ ಬಂಡೆ ಕೂತ ಆ ಗುಡ್ಡಗಳನ್ನು ನೋಡಿದರೆ ಬೇರೆ ಗ್ರಹವನ್ನು ಹುಡುಕಿಕೊಂಡು ಹೋಗಬೇಕಾದ್ದೇ ಇರಲಿಲ್ಲ. ಇಳಕಲ್ ಸೀರೆಯ ಮೇಲೆ ಬೆಳ್ಳಿಯ ಪಟ್ಟಿ, ತಲೆಗೆ ಆಂಟೆನಾ ಸಿಗಿಸಿದ ಪಾತ್ರೆ, ಸೊಂಟದಲ್ಲಿ ಎಲೆಯಡಿಕೆಯ ಸಂಚಿ. ಕ್ಯಾಪ್ಟನ್ ಮುದುಕವ್ವ ಗ್ರಹದಿಂದ ಗ್ರಹಕ್ಕೆ ಹೋಗಿ, ಅಲ್ಲಿಯವರ ಜಗಳಗಳನ್ನು ಕಟ್ಟೆಯ ಮೇಲೆ ಕೂತ ಹಿರಿಯಳಂತೆ ಬಗೆಹರಿಸಿ, ಎಲೆ ಹಾಕಿಕೊಂಡು ಮುಂದೆ ಹೊರಡುತ್ತಿದ್ದಳು.

ಕಂತುಕಂತಾಗಿ ಮೊಬೈಲಿಗೆ ಬಿಟ್ಟದ್ದನ್ನು ಜನ ನೋಡಿದರು. ಬೈದವರೂ ಇದ್ದರು, ಕುಷ್ಟಗಿಯ ಬಸ್ಸಿನಲ್ಲಿ ಮುದುಕವ್ವನನ್ನು ಕಂಡು ಎದ್ದು ನಿಂತು ಸೀಟು ಬಿಟ್ಟುಕೊಟ್ಟವರೂ ಇದ್ದರು. ‘ಸುರಿ’ ಎಂಬ ಹೆಸರಿನ ಒಂದು ಹುಡುಗಿಯಂತೂ ಪ್ರತಿ ಕಂತನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. “ಎರಡನೇ ಕಂತಿನ್ಯಾಗ ಕ್ಯಾಪ್ಟನ್ ಆಂಟೆನಾ ಎಡಕ್ಕ ಇತ್ತು, ಮೂರನೇದ್ರಾಗ ಬಲಕ್ಕ ಐತಿ. ಯಾಕ?” ಎಂದು ಬರೆದಳು. ತಪ್ಪು ಒಪ್ಪಿಕೊಳ್ಳುವ ಬದಲು ಶೈಲಜಾ ಒಂದು ಸಂಜೆ ಪೂರ್ತಿ ಯೋಚಿಸಿ, ಆ ಗ್ರಹದಲ್ಲಿ ಗಾಳಿ ಹಿಮ್ಮುಖ ಬೀಸುತ್ತದೆ, ಆಂಟೆನಾ ಗಾಳಿಯ ಕಡೆಗೇ ಇರಬೇಕು ಎಂದು ಉತ್ತರ ಬರೆದಳು. ಸುರಿ ಕೂಡಲೇ ಬರೆದಳು: “ಒಪ್ಪಿದೆ. ಆದ್ರ ಹಡಗ ಯಾವಾಗ ಹಾರತೈತಿ? ನಾಕು ಕಂತಾತು, ನಿಂತಲ್ಲೇ ನಿಂತೈತಿ.”

ಆ ಮಾತು ನಿಜವಾಗಿತ್ತು. ಗಾಡಿಯ ಮೇಲಿನ ಹಡಗು ಒಂದು ಮೊಳವೂ ಕದಲಿರಲಿಲ್ಲ. ಕೊನೆಯ ಕಂತಿನಲ್ಲಿ ಹಡಗು ಹೊರಡುತ್ತದೆ, ಕ್ಯಾಪ್ಟನ್ ಊರಿಗೆ ಮರಳುತ್ತಾಳೆ ಎಂದು ಶೈಲಜಾ ಎಲ್ಲರ ಮುಂದೆ ಮಾತು ಕೊಟ್ಟಳು.

ಅದಕ್ಕೆ ತಯಾರಿಯೂ ನಡೆದಿತ್ತು. ಎತ್ತುಗಳು ಎತ್ತಿನಂತೆ ಕಾಣಬಾರದು, ಹಡಗನ್ನು ಎಳೆಯುವ ಬಾನಿನ ಮೃಗಗಳಂತೆ ಕಾಣಬೇಕು. ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಹೆಣೆಯುವ ಹೆಂಗಸರಿಗೆ ಹೇಳಿ, ಎತ್ತಿನ ಬೆನ್ನಿಗೆ ಹೊದಿಸಲು, ನೆಲ ಮುಟ್ಟುವಷ್ಟು ಉದ್ದದ ನಾರಿನ ಜೂಲುಗಳನ್ನು ಅವಳು ಮಾಡಿಸಿದಳು. ಎಳೆ ಎಳೆಯಾಗಿ ಬಿಡಿಸಿದ ಆ ನಾರು ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸುತ್ತಿರಲಿಲ್ಲ.

ಅಷ್ಟರಲ್ಲಿ ಮುದುಕವ್ವ ಬಂದು ಸುದ್ದಿ ಹೇಳಿದಳು. ಇಚಲಕರಂಜಿಯಲ್ಲಿರುವ ಮಗಳಿಗೆ ದಿನ ತುಂಬಿದೆ, ಬಾಣಂತನಕ್ಕೆ ಹೋಗಬೇಕು.

“ಯಾವಾಗ ಬರ್ತಿ ದೊಡ್ಡವ್ವಾ?”

“ಅಳಿಯಾ ಅಲ್ಲೇ ಇರಬೇ ಅನ್ನಾಕತ್ಯಾನ. ಮಗ್ಗದ ಕೆಲಸಕ್ಕ ಇಬ್ರೂ ಹೋದ್ರ ಕೂಸಿನ್ನ ಯಾರು ನೋಡ್ಕೋಬೇಕು? ನಾ ತಿರಗಿ ಬಂದ್ರ ಬಂದೆ, ಇಲ್ಲಂದ್ರ ಇಲ್ಲ. ಈ ಸೋಮವಾರ ಒಂದ ಐತಿ ನೋಡು. ಮಂಗಳವಾರ ಮುಂಜಾನಿ ಬಸ್ಸು.”

ಮುದುಕವ್ವ ಶೈಲಜಾಳ ಮುಖ ನೋಡಿ, ಮಾತು ಬದಲಿಸಿದಳು. “ಅಲ್ಲಾ, ಈ ಕಂತಿನ್ಯಾಗ ನಾ ಯಾಕ ಮನಿಗಿ ಹೊಂಟೇನಿ? ಏನಂತ ಬರದೀ?”

“ಭೂಮಿ ಉಳಿಸಾಕ.”

“ಅಯ್ಯ, ಭೂಮಿ ಉಳಿಸಾಕ ನಾನ ಬೇಕೇನು? ಮಗಳ ಬಾಣಂತನಕ್ಕ ಹೊಂಟೇನಿ ಅಂತ ಬರಿ. ಯಾವ ಗ್ರಹದವನೂ ತಡಿಯಂಗಿಲ್ಲ.”

ಶೈಲಜಾ ಹಾಗೆಯೇ ಬರೆದಳು. ಬರೆದದ್ದು ಮೊದಲಿನದಕ್ಕಿಂತ ಛಲೋ ಇತ್ತು.

ಆದರೆ ಅದೇ ಸೋಮವಾರಕ್ಕೆ ಕೊಟ್ರಪ್ಪನೂ ಒಂದು ಮಾತು ಕೊಟ್ಟಿದ್ದ. ಗಂಗಾವತಿಯ ಅಕ್ಕಿ ಮಿಲ್ಲಿನ ಪ್ರಭುರಾಜನ ಅಕ್ಕನ ಮಗನಿಗೆ ಮದುವೆ. ಮದುವೆಗೆ ಮುಂಚಿನ ಜೋಡಿ ವಿಡಿಯೋ ಆನೆಗೊಂದಿಯ ಬಂಡೆಗಳ ನಡುವೆ, ಸಂಜೆಯ ಬೆಳಕಿನಲ್ಲಿ ಆಗಬೇಕು ಎಂದು ಪ್ರಭುರಾಜ ಹೇಳಿಕಳಿಸಿದ್ದ.

“ದೊಡ್ಡ ಮಂದಿ, ಶೈಲಾ. ಅವರ ಮನ್ಯಾಗ ಒಂದು ಮದುವಿ ಹಿಡದ್ರ ಬೀಗರ ಮನೀವೂ ಬರ್ತಾವ.”

“ನನ್ನ ಹಡಗ ಅವತ್ತ ಹಾರಬೇಕಪ್ಪಾ.”

“ತಗಡು ಎಲ್ಲಿ ಹೋಕ್ಕೈತಿ? ಮುಂಜಾನಿ ಹಾರಿಸು. ಸಂಜಿ ಬೆಳಕು ಅವರದು.”

ಅದು ನ್ಯಾಯವೆಂದು ಶೈಲಜಾ ಒಪ್ಪಿದಳು. ಬೆಳಿಗ್ಗೆ ಕ್ಯಾಪ್ಟನ್ನು, ಸಂಜೆ ಜೋಡಿ. ಒಂದು ಹಗಲಿನಲ್ಲಿ ಎರಡೂ ಹಿಡಿಸುತ್ತವೆ.

ಸೋಮವಾರ ಬೆಳಿಗ್ಗೆ ಆಟೋ ಆನೆಗೊಂದಿಯ ಬಾಳೆತೋಟ ದಾಟಿ ಬಂಡೆಗಳ ನಡುವಿನ ಗಾಡಿದಾರಿಗೆ ಬಂದಾಗ ವೆಂಕೋಬ ಕಾಯುತ್ತ ಕೂತಿದ್ದ. ಗಾಡಿ ತೊಳೆದಿಟ್ಟಿದ್ದ. ಗಾಲಿಗೆ ಎಣ್ಣೆ ಹಾಕಿದ್ದ. ಶೈಲಜಾ ನಾರಿನ ಜೂಲುಗಳನ್ನು ಹೆಗಲ ಮೇಲೆ ಹೊತ್ತು ಸುತ್ತ ನೋಡಿದಳು.

“ವೆಂಕೋಬಣ್ಣ, ಎತ್ತು?”

“ಎತ್ತು ಮನ್ಯಾಗ ಮೇಯಾಕತ್ತಾವ.”

“ಹೊಡಕೊಂಡು ಬರ್ರಿ ಮತ್ತ, ಹೂಡೂಣು.”

ವೆಂಕೋಬ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. “ಇವತ್ತ ಸೋಮವಾರ ಐತೆವಾ ತಂಗಿ.”

ಅವಳು ಜೂಲುಗಳನ್ನು ಹೆಗಲಿನಿಂದ ಕೆಳಗಿಳಿಸಿದಳು. ಸೋಮವಾರ. ಬಸವಣ್ಣನ ವಾರ. ಈ ಸೀಮೆಯಲ್ಲಿ ಆ ದಿನ ಎತ್ತಿನ ಕೊರಳಿಗೆ ಯಾರೂ ನೊಗ ಇಡುವುದಿಲ್ಲ, ಹೊಲದಲ್ಲಿ ಎಷ್ಟೇ ಅವಸರದ ಕೆಲಸ ಇದ್ದರೂ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಇಷ್ಟು ದಿನ ಗಾಡಿ ಬರೀ ನಿಲ್ಲುತ್ತಿತ್ತು, ಎತ್ತಿನ ಮಾತೇ ಬಂದಿರಲಿಲ್ಲ. ಕೂದಲಿನ ಕಾರ್ಖಾನೆಯ ಸೂಟಿಯನ್ನು ನೋಡಿದವಳು ಎತ್ತಿನ ಸೂಟಿಯನ್ನು ಮರೆತಿದ್ದಳು.

“ನೀವು ಗಾಡಿ ಕೇಳಿದ್ರಿ, ನಿನ್ನೇನ ಗಾಡಿ ತಂದು ನಿಲ್ಲಿಸೇನಿ,” ಎಂದ ವೆಂಕೋಬ, ಅವಳಿಗಿಂತ ಹೆಚ್ಚು ಸಂಕಟಪಟ್ಟು. “ಬೇಕಂದ್ರ ನನ್ನ ಹೂಡ್ರಿ. ಅವನ್ನ ಮಾತ್ರ ಕೇಳಬ್ಯಾಡ್ರಿ.”

“ಕೇಳಂಗಿಲ್ಲಣ್ಣ,” ಅಂದಳು ಶೈಲಜಾ.

ಟ್ರ್ಯಾಕ್ಟರು ತರಿಸೋಣವೇ ಎಂದ ರೆಹಮಾನ. ಹಗ್ಗ ಕಾಣುತ್ತದೆ, ಸದ್ದು ಬೇರೆ. ತಾವೇ ಎಳೆದರು. ಹಿಡಿದ ಚಿತ್ರದಲ್ಲಿ ಬೆವರು ಸುರಿಸುತ್ತ ಗಾಡಿ ಎಳೆಯುವ ಇಬ್ಬರು ಗಂಡಸರು ಕಂಡರು, ಮೇಲೆ ಕೂಲರಿನ ತಗಡು ಕಂಡಿತು. ಹಡಗು ಕಾಣಲಿಲ್ಲ. ಬಿಸಿಲು ನೆತ್ತಿಗೆ ಬಂತು. ಎಲ್ಲರೂ ಒಂದು ಬಂಡೆಯ ನೆರಳಿಗೆ ಸರಿದು, ಮುದುಕವ್ವ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಪುಂಡಿಪಲ್ಯವನ್ನು ತಿಂದರು. ನಾಳೆ ಬೆಳಿಗ್ಗೆಯ ಬಸ್ಸು ಶೈಲಜಾಳ ಕಣ್ಣ ಮುಂದೆಯೇ ನಿಂತಿತ್ತು, ಕಿಟಕಿಯ ಪಕ್ಕ ಮುದುಕವ್ವ ಕೂತಂತೆ.

ಮುದುಕವ್ವ ಬಾಯಿ ಮುಕ್ಕಳಿಸಿ, ಎಲೆಗೆ ಸುಣ್ಣ ಸವರುತ್ತ ಕೇಳಿದಳು. “ಒಂದು ಹೇಳು ಮಗಳ. ಮುಂದ ಎತ್ತು ಇದ್ರ ಅದನ್ನ ಏನಂತಾರ?”

“ಗಾಡಿ.”

“ಎತ್ತಿಲ್ಲದ ಹೋದ್ರ?”

ಶೈಲಜಾ ತಲೆ ಎತ್ತಿದಳು.

“ಅದನ್ನ ಹಡಗ ಅಂತಾರ. ಇಷ್ಟು ಸಿನಿಮಾ ಮಾಡೀ, ಅಷ್ಟು ತಿಳಿಯಂಗಿಲ್ಲೇನು ನಿನಗ? ಬಸವಣ್ಣ ಸೂಟಿ ತಗೊಂಡದ್ದ ಛಲೋ ಆತು ತಗಿ.”

ವೆಂಕೋಬ ಎದ್ದು ನಿಂತ. ಗಾಡಿಯ ಹಿಂಬದಿಗೆ ಕಲ್ಲು ಹೇರಿದರೆ ಮುಂದಿನ ಮೂಕಿ ತಾನಾಗಿ ಮೇಲೇಳುತ್ತದೆ ಎಂದ. ಹೇರಿದರು. ಎತ್ತುಗಳ ನಡುವೆ ಇರಬೇಕಾದ ಆ ಉದ್ದನೆಯ ಮರ ಹಡಗಿನ ಕೊಕ್ಕಿನಂತೆ ಆಕಾಶಕ್ಕೆ ಮುಖ ಮಾಡಿತು. ಹಿಂದಿನಿಂದ ದೂಡಬೇಕು. ಕ್ಯಾಮೆರಾವನ್ನು ಗಿಡ್ಡ ಬಂಡೆಯೊಂದರ ಹಿಂದೆ ನೆಲಮಟ್ಟದಲ್ಲಿ ಇಟ್ಟರೆ ಗಾಲಿಗಳು ಕಾಣುವುದಿಲ್ಲ. ಆದರೆ ದೂಡುವವರು ಕಾಣುತ್ತಾರೆ, ಬಾಗಿದ ಅವರ ಬೆನ್ನುಗಳು. ಶೈಲಜಾ ಮತ್ತೆ ಮತ್ತೆ ಕ್ಯಾಮೆರಾದ ಜಾಗ ಬದಲಿಸಿದಳು. ಹೊತ್ತು ಇಳಿಯುತ್ತಿತ್ತು.

ಬೇಡವಾದ ನಾರಿನ ಜೂಲುಗಳನ್ನು ರೆಹಮಾನ ಪಡುವಣದ ಬಂಡೆಯ ಮೇಲೆ ಒಗೆದಿದ್ದ. ಅವಳು ಕಣ್ಣು ಮೇಲೆತ್ತಿದಾಗ ಸೂರ್ಯ ಆ ಬಂಡೆಯ ಹಿಂದಕ್ಕೆ ವಾಲಿದ್ದ. ಅಂಚಿನಿಂದ ಇಳಿಬಿದ್ದ ನಾರು ಹೊತ್ತಿಕೊಂಡಂತೆ ಉರಿಯುತ್ತಿತ್ತು. ಒಂದೊಂದು ಎಳೆಯಲ್ಲೂ ಬೆಳಕು ಹರಿದು, ಗಾಳಿ ಬಂದಾಗ ಅದು ಜ್ವಾಲೆಯಂತೆಯೇ ನಾಲಗೆ ಚಾಚಿ ಒಳಗೆಳೆದುಕೊಳ್ಳುತ್ತಿತ್ತು.

“ರೆಹಮಾನಣ್ಣ,” ಎಂದಳು ಮೆಲ್ಲಗೆ, ಜೋರಾಗಿ ಹೇಳಿದರೆ ಆರಿಹೋದೀತೆಂಬಂತೆ. “ಅದನ್ನ ಹೊತ್ತುಕೊಂಡು ಗಾಡಿ ಹಿಂದ ಬಗ್ಗಿ ನಿಂದ್ರು.”

ಅವನು ನಿಂತ. ಹಡಗಿಗೆ ಬೆಂಕಿಯ ಬಾಲ ಬಂತು.

ಮುದುಕವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಸೂರ್ಯ ಎರಡು ಬಂಡೆಗಳ ನಡುವಿನ ಸಂದಿಗೆ ಇಳಿದಾಗ, ಏರಿನ ನೆತ್ತಿಯಲ್ಲಿ ಹಡಗು ಅದಕ್ಕೆ ಅಡ್ಡ ಹಾಯಬೇಕು. ಆಗಲೇ ತಗಡು ಕಪ್ಪಾಗಿ, ನಾರು ಬೆಂಕಿಯಾಗಿ, ಗಾಡಿ ಹಡಗಾಗುತ್ತದೆ. ಆ ಬೆಳಕು ನಿಲ್ಲುವುದು ಸ್ವಲ್ಪವೇ ಹೊತ್ತು. ಆ ಸ್ವಲ್ಪ ಹೊತ್ತನ್ನು ಅಪ್ಪ ಪ್ರಭುರಾಜನಿಗೆ ಕೊಟ್ಟಾಗಿತ್ತು.

ಕಲ್ಲು ತುಂಬಿದ ಗಾಡಿಯನ್ನು ಏರಿಗೆ ದೂಡಲು ರೆಹಮಾನ ವೆಂಕೋಬ ಇಬ್ಬರೇ ಸಾಲುವಂತಿರಲಿಲ್ಲ. ಉಸಿರು ಬಿಗಿಹಿಡಿದು ದೂಡಿದರೂ ಗಾಲಿಗಳು ಅರ್ಧ ಸುತ್ತು ತಿರುಗಿ ಮರಳಿನಲ್ಲಿ ಕೂತವು. “ಇನ್ನೂ ಇಬ್ರು ಬೇಕು ತಂಗಿ,” ಎಂದು ವೆಂಕೋಬ ಹಣೆ ಒರೆಸಿಕೊಳ್ಳುವಾಗಲೇ ಕೆಳಗೆ ಬಿಳಿ ಕಾರು ಬಂದು ನಿಂತಿತು.

ಮೊದಲು ಇಳಿದವನು ಪ್ರಭುರಾಜ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಎರಡು ಮೊಬೈಲು. ಹಿಂದೆ ಅಳಿಯ ಕಲ್ಲೇಶ, ಹೊಸ ಸೂಟಿನಲ್ಲಿ ಸೆಡೆತುಕೊಂಡು. ಕೊನೆಗೆ ಮದುಮಗಳು, ಬಾಡಿಗೆಗೆ ತಂದ ಉದ್ದನೆಯ ಗೌನಿನ ಬಾಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು.

“ಮೇಡಂ, ಬೆಳಕು ಬರೋಬ್ಬರಿ ಐತಿ ನೋಡ್ರಿ. ಆ ಎರಡು ಬಂಡೆಗಲ್ಲಿನ ನಡಕ ಇಬ್ರನ್ನೂ ನಿಂದ್ರಿಸಿ ಚಾಲೂ ಮಾಡ್ರಿ. ಇದೇನ್ರೀ, ಗುಜರಿ ಸಾಮಾನು? ಮೊದ್ಲ ಬಾಜೂಕ ತಗಸ್ರಿ ಇದನ್ನ.”

“ಸಾಹುಕಾರ, ಒಂದ ಶಾಟ್ ಐತ್ರಿ ನಂದು. ಅದು ಆದ ಕೂಡ್ಲೇ—”

“ಯಾವುದು, ಆ ಮುದುಕಿ ಸಿನಿಮಾನ?” ಅವನು ನಕ್ಕ. ಕೆಟ್ಟ ನಗು ಅಲ್ಲ, ತಿಳಿದವರು ತಿಳಿಯದವರ ಮುಂದೆ ನಗುವ ನಗು. “ನಮ್ಮ ಮಿಲ್ಲಿನ ಹಮಾಲರು ತೋರಸ್ಯಾರ. ನೋಡ್ರಿ ಮೇಡಂ, ಮುಂದ ನಮ್ಮ ಲಗ್ನಕ್ಕ ದೊಡ್ಡ ದೊಡ್ಡ ಮಂದಿ ಬರೋರು. ಕ್ಯಾಮೆರಾ ಹಿಡದಾಕಿ ಯಾರು ಅಂದ್ರ, ಪಾತ್ರಿ ತಲಿಮ್ಯಾಲೆ ಇಟ್ಟು ಮುದುಕೀನ ಕುಣಿಸಾಕಿ ಅಂತ ಹೇಳೂದೇನು? ಆ ಕಂತು ಅಷ್ಟೂ ಅಳಿಸಿಬಿಡ್ರಿ. ನಮ್ಮ ಕಡಿ ಇರೋ ಲಗ್ನ ಎಲ್ಲಾ ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ.”

ಶೈಲಜಾ ಉತ್ತರ ಕೊಡುವ ಮೊದಲೇ ಮದುಮಗಳು ಅವರಿಬ್ಬರನ್ನೂ ದಾಟಿ ಗಾಡಿಯ ಹತ್ತಿರ ಹೋಗಿದ್ದಳು. ಮೇಲೆ ಕೂತ ಮುದುಕವ್ವನ ತಲೆಯನ್ನೇ ನೋಡುತ್ತ ನಿಂತಳು.

“ಆಂಟೆನಾ ಎಡಕ್ಕ ಐತಿ,” ಅಂದಳು. “ಅಂದ್ರ ಗಾಳಿ ಸೀದಾ ಬೀಸಾಕತ್ತೈತಿ. ಹೌದಿಲ್ಲೋ ಅಕ್ಕಾ?”

ಶೈಲಜಾಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. “ನೀ... ಸುರಿ?”

“ಸುರೇಖಾ,” ಎಂದಳು ಮದುಮಗಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕೆಂಪಾಗಿ. “ಹಾರೋ ಕಂತು ಇದೇನ?”

“ಹಾರಿದ್ರ ಇದ. ದೂಡಾಕ ಮಂದಿ ಸಾಲವಲ್ರು.”

ಸುರೇಖಾ ಸುತ್ತ ಒಂದು ಸಲ ನೋಡಿದಳು. ಗೌನಿನ ಬಾಲವನ್ನು ಸುತ್ತಿ, ಸೊಂಟಕ್ಕೆ ಕಚ್ಚೆಯಂತೆ ಬಿಗಿದು ಸಿಗಿಸಿದಳು. “ರೀ,” ಎಂದು ಕಲ್ಲೇಶನನ್ನು ಕರೆದಳು. ಅದು ಮದುವೆಗೆ ಮುಂಚೆ ಅವಳು ಅವನನ್ನು ಎಲ್ಲರೆದುರು ಕರೆದ ಮೊದಲ ಸಲ ಇರಬೇಕು. ಅವನು ಮಾವನ ಮುಖ ನೋಡಲಿಲ್ಲ. ಬೂಟು ಬಿಚ್ಚಿ ಪಕ್ಕಕ್ಕೆ ಇಟ್ಟು ಬಂದ.

“ಏ ಸುರೇಖಾ! ಏನವಾ ಇದು? ಕಲ್ಲೇಶಾ, ಸೂಟು ಮಣ್ಣಾಕ್ಕೈತಲೇ!”

“ಹೊಗೆ ಅಷ್ಟ ಆಗಬೇಕು ನೀವು, ಮನಷಾರಾಗಬಾರದು,” ಎಂದು ರೆಹಮಾನ ಇಬ್ಬರ ತಲೆಯ ಮೇಲೂ ನಾರು ಹೊದಿಸಿದ.

“ಬೆಂಕಿ,” ತಿದ್ದಿದಳು ನಾರಿನ ಒಳಗಿನಿಂದ ಸುರೇಖಾ. “ಅಂತರಿಕ್ಷದಾಗ ಹೊಗೆ ಬರಂಗಿಲ್ಲ.”

“ಬೆಂಕೀನೂ ಬರಂಗಿಲ್ಲ ಅಂತ ಇಕೀನ ನಾಳಿ ಕಮೆಂಟ್ ಬರೀತಾಳ ನೋಡ್ರಿ,” ಎಂದ ಕಲ್ಲೇಶ.

ಪ್ರಭುರಾಜ ಆಗಲೇ ಫೋನು ಹಚ್ಚಿದ್ದ. “ಕೊಟ್ರಪ್ಪಾರ, ಏನು ಮಗಳನ್ನ ಬೆಳಸೀರಿ? ಮದುಮಗಳ ಕೈಲೆ ಗಾಡಿ ದೂಡಸಾಕತ್ತಾಳ್ರೀ! ಮಾತಾಡ್ರಿ, ಇಲ್ಲೇ ಅದಾಳ. ತಗೋರಿ ಮೇಡಂ, ನಿಮ್ಮ ತಂದಿಯವರು.”

ಶೈಲಜಾ ಫೋನು ತೆಗೆದುಕೊಂಡಳು. ಸ್ಟುಡಿಯೋದ ಹಳೆಯ ಫ್ಯಾನಿನ ಕಿರ್ ಸದ್ದು ಕೇಳಿಸಿತು. ಅಪ್ಪ ಆ ಸ್ಟೂಲಿನ ಮೇಲೆಯೇ ಕೂತಿರಬೇಕು.

“ಶೈಲಾ, ನಾ ಮಾತು ಕೊಟ್ಟಿದ್ದೆ.”

“ಹೌದಪ್ಪಾ. ನಾನೂ ಕೊಟ್ಟಿದ್ದೆ. ದೊಡ್ಡವ್ವ ನಾಳಿ ಹೋಕ್ಕಾಳ.”

“ದೊಡ್ಡ ಮಂದಿ ಅವರು.”

“ಅಪ್ಪಾ,” ಎಂದಳು. ಕಣ್ಣು ಬಂಡೆಗಳ ಸಂದಿಯ ಮೇಲೇ ಇತ್ತು. “ಬಾಳಿನಾರಿನ ಹಿಂದ ಹೊತ್ತು ನಿಂತೈತಿ. ನಾರು ಉರಿಯಾಕತ್ತೈತಿ. ಹಂಗ ಬೆಳಕು ನಾ ನೋಡಿಲ್ಲಪ್ಪಾ, ನಿನ್ನ ಫೋಟೋದಾಗೂ ನೋಡಿಲ್ಲ.”

ಫ್ಯಾನು ಕಿರ್‌ಗುಟ್ಟಿತು. ಗದ್ದ ಎತ್ತಿ, ಬೆಳಕು ಕೆನ್ನೆಯ ಮೇಲೆ ಸರಿಯಾಗಿ ಕೂರುವ ತನಕ ಯಾರ ಅವಸರಕ್ಕೂ ಗುಂಡಿ ಒತ್ತದೆ ಕಾಯುತ್ತಿದ್ದ ಮನುಷ್ಯ ಅವನು.

“ಇನ್ನೂ ಎಷ್ಟು ಹೊತ್ತು ಐತಿ ಆ ಬೆಳಕು?” ಎಂದು ಕೇಳಿದ.

“ಈಗ ಸಂದಿಗಿ ಬಂತು.”

“ಮತ್ತ ನನ್ನ ಜೋಡಿ ಹರಟಿ ಹೊಡಕೋತ ಯಾಕ ನಿಂತೀ? ಫೋನು ಅವರ ಕೈಯಾಗ ಕೊಡು. ನಾ ಮಾತಾಡ್ತೇನಿ.” ಒಂದು ಕ್ಷಣ ಬಿಟ್ಟು ಸೇರಿಸಿದ, “ಸಾವಕಾಶ ಮಾತಾಡ್ತೇನಿ.”

ಶೈಲಜಾ ಫೋನನ್ನು ಪ್ರಭುರಾಜನಿಗೆ ಕೊಟ್ಟಳು.

“ಹಾಂ ಕೊಟ್ರಪ್ಪಾರ, ಹೇಳಿದ್ರೇನು? ಏನು? ನಮ್ಮ ಮುತ್ತ್ಯಾನ ಫೋಟೋ? ಹೌದ್ರೀ, ನೀವ ತಗದದ್ದು, ಮಿಲ್ಲಿನ್ಯಾಗ ಹಾಕೇವಿ... ನಕ್ಕಿರಲಿಲ್ರೀ, ಎಲ್ಲಿ ನಗತಿದ್ದ ಅಂವ... ಅಲ್ರೀ, ಅದು ಈಗ ಯಾಕ? ಮೇಡಂ, ನಿಲ್ರಿ, ನಾ ನಿಮಗೂ ಹೇಳಾಕತ್ತೇನಿ. ಅಳಿಸೋ ವಿಷಯ ಆಮ್ಯಾಲ ನೋಡೂಣು, ಮೊದ್ಲ ನಮ್ಮ ಹುಡುಗೀನ ಆ ನಾರಿನ್ಯಾಗಿಂದ ಹೊರಗ—”

“ಅಳಿಸಂಗಿಲ್ರಿ,” ಎಂದಳು ಶೈಲಜಾ. ಅದಕ್ಕೆ ಅವನು ಏನು ಅಂದನೋ, ಕೇಳಲು ಅವಳು ಅಲ್ಲಿರಲಿಲ್ಲ. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಕಾದ ಮರಳಿನ ಮೇಲೆ ಉದ್ದುದ್ದ ಹೆಜ್ಜೆ ಇಡುತ್ತ ಗಿಡ್ಡ ಬಂಡೆಯ ಕಡೆಗೆ ನಡೆದಳು. ಹಿಂದೆ ಪ್ರಭುರಾಜನ ದನಿ, ಅದರೊಳಗೆ ಸಣ್ಣಗೆ ಅಪ್ಪನ ದನಿ, ಎರಡೂ ಇನ್ನೂ ನಡೆದೇ ಇದ್ದವು. ಮುಂದೆ ಏರಿನಲ್ಲಿ, ನಾಲ್ಕು ಬೆನ್ನುಗಳ ಬೆಂಕಿ ಬಾಗಿ ಸಿದ್ಧವಾಗಿತ್ತು. ಮೇಲೆ ಕ್ಯಾಪ್ಟನ್ ಮುದುಕವ್ವ ಸಂಚಿಯನ್ನು ಸೊಂಟಕ್ಕೆ ಸಿಗಿಸಿ, ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು, ಕದಲದ ಕಣ್ಣಿನಿಂದ ಸೂರ್ಯನನ್ನು ನೋಡುತ್ತಿದ್ದಳು.

“ಹೊಂಡೂಣೇನು ಮಗಳ?” ಎಂದು ಮೇಲಿನಿಂದ ಕೂಗಿದಳು.

ಶೈ​ಲಜಾ ಬಂಡೆಯ ಹಿಂದೆ ಕೂತು ಕ್ಯಾಮೆರಾ ಚಾಲೂ ಮಾಡಿ, ಕೈ ಮೇಲೆತ್ತಿದಳು. ಗಾಲಿಗಳು ಮರಳನ್ನು ಬಿಟ್ಟು ಮೇಲೆದ್ದವು.